ಪತ್ರ ಯಾರ ಸೊತ್ತು?

ಕಳೆದ ಶ್ರಾವಣ ಮಾಸದಲ್ಲಿ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ಶ್ರೀಮಠಕ್ಕೆ ಆಗಮಿಸಿದ್ದರು. ಪ್ರಸಾದ ಸ್ವೀಕರಿಸಿದ ತರುವಾಯ ತಮ್ಮ ಬಿನ್ನಹವನ್ನು ನಮ್ಮ ಮುಂದಿಟ್ಟರು. ಮಠದ ಹಿಂಭಾಗದ ಕೋಣೆಯಲ್ಲಿ ನಾಲ್ಕು ತಗಡಿನ ಪೆಟ್ಟಿಗೆಗಳ ತುಂಬ ಹಳೆಯ ಕಾಗದಪತ್ರಗಳಿರುವ ಸಂಗತಿ ಅವರ ಕಿವಿಗೆ ಬಿದ್ದಿತ್ತು. ಅವನ್ನು ವಿಶ್ವವಿದ್ಯಾಲಯದ ದಾಖಲೆ ಭಂಡಾರಕ್ಕೆ ಒಪ್ಪಿಸಿದರೆ ಶಾಸ್ತ್ರೀಯ ರೀತಿಯಲ್ಲಿ ಸಂರಕ್ಷಿಸಿ, ಪಟ್ಟಿ ಮಾಡಿ, ಅಭ್ಯಾಸಿಗಳಿಗೆ ದೊರೆಯುವಂತೆ ಮಾಡುವೆವೆಂದು ಅವರು ಭರವಸೆಯಿತ್ತರು. ಈ ವಾರ್ತೆ ಹಬ್ಬಿದಾಗ ಭಕ್ತರಲ್ಲಿ ಬಹುಜನ ಹರ್ಷಪಟ್ಟರು. ಆದರೆ ಮುಂದಿನ ಸೋಮವಾರ ದರ್ಶನಕ್ಕೆ ಬಂದ ವಯೋವೃದ್ಧ ಭಕ್ತರೊಬ್ಬರು ನಮಸ್ಕರಿಸಿ ಎದ್ದು ನಿಂತು ಹೀಗೆ ಕೇಳಿದರು: “ಅಪ್ಪಾರ, ನಮ್ಮವ್ವ ಓದು ಬರದಾಕಿ. ಸಾಲಿ ಮಾಸ್ತರ ಕಡೆ ಹೇಳಿ ಬರಿಸಿ ದೊಡ್ಡ ಅಪ್ಪಾರಿಗೆ ಕಾಗದ ಕಳಸ್ತಿದ್ಲು. ತನ್ನ ಸಂಕಟ ಅವರೊಬ್ಬರಿಗೇ ಗೊತ್ತಿರಲಿ ಅಂತ. ಅದನ್ನ ನಾಳೆ ಯಾರ್ಯಾರೋ ಕೂತು ಓದೂದು ನ್ಯಾಯ ಏನ್ರಿ?”

ಅಂದು ನಾವು ಅವರಿಗೆ ಉತ್ತರ ಕೊಡಲಿಲ್ಲ. ಕೊಡುವ ಶಕ್ತಿ ನಮಗಿರಲಿಲ್ಲವೆಂಬುದೇ ಸತ್ಯ. ಆ ಪ್ರಶ್ನೆಯನ್ನು ಹಲವು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ಚಿಂತಿಸಿದ್ದೇವೆ. ನಮಗೆ ತೋರಿದುದನ್ನು ಸದ್ಭಕ್ತರ ಮತ್ತು ಮಠದ ಹಳೆಯ ವಿದ್ಯಾರ್ಥಿಗಳ ಮುಂದೆ ಇಲ್ಲಿ ನಿವೇದಿಸುತ್ತೇವೆ. ಇದು ನಮ್ಮ ಮಠವೊಂದರ ಪ್ರಶ್ನೆಯಲ್ಲ. ಅಟ್ಟದ ಮೇಲೆ ಹಳೆಯ ಕಾಗದದ ಗಂಟನ್ನು ಇಟ್ಟುಕೊಂಡಿರುವ ಪ್ರತಿಯೊಂದು ಮನೆತನದ ಪ್ರಶ್ನೆಯೂ ಹೌದು.

ಮೊದಲು ಆ ಪೆಟ್ಟಿಗೆಗಳಲ್ಲಿ ಏನಿದೆಯೆಂಬುದನ್ನು ತಿಳಿಯಬೇಕು. ಕಿರ್ದಿ ಖತಾವಣಿ ಪುಸ್ತಕಗಳಿವೆ. ಅವುಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿವೆ. ಸುಗ್ಗಿಯ ಕಾಲದಲ್ಲಿ ಯಾವ ಊರಿನ ಯಾವ ಮನೆಯಿಂದ ಎಷ್ಟು ಜೋಳ ದಾಸೋಹಕ್ಕೆ ಬಂದಿತೆಂಬ ಪಟ್ಟಿಗಳಿವೆ. ಪ್ರಸಾದ ನಿಲಯಕ್ಕೆ ಮಗನನ್ನು ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡ ತಂದೆಗಳ ಅರ್ಜಿಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅಂಚೆಯ ಕಾರ್ಡುಗಳಿವೆ. ನಮ್ಮ ದೇಶದಲ್ಲಿ ೧೮೭೯ರಲ್ಲಿ ಕಾಲಾಣೆಯ ಬೆಲೆಗೆ ಕಾರ್ಡು ಬಂದ ಮೇಲೆ ಬಡವನಿಗೂ ಪತ್ರವ್ಯವಹಾರ ಸಾಧ್ಯವಾಯಿತು. ಒಂದು ಕಾರ್ಡಿನಲ್ಲಿ ಎಷ್ಟು ಮಾತು ಹಿಡಿಸಬಹುದೋ ಅಷ್ಟನ್ನೂ ಹಿಡಿಸಿ, ಅಂಚಿನಲ್ಲಿ ಅಡ್ಡಡ್ಡಲಾಗಿ ಬರೆದು, ಕೊನೆಗೆ ಶರಣು ಹೇಳಲು ಸ್ಥಳ ಸಾಲದೆ ವಿಳಾಸದ ಪಕ್ಕದಲ್ಲಿ ಅದನ್ನು ಸೇರಿಸಿದ ಕಾರ್ಡುಗಳನ್ನು ನೋಡಿದರೆ ಯಾರ ಮನಸ್ಸಾದರೂ ಕರಗುತ್ತದೆ.

ನಮ್ಮ ನಾಡಿನ ಇತಿಹಾಸದ ಬಹುಭಾಗವನ್ನು ನಾವು ಶಾಸನಗಳಿಂದ ತಿಳಿದಿದ್ದೇವೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಮೂಲಕ ಮಾಡಿದ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಕಲ್ಲಿನ ಮೇಲೆ ಬರೆಯಿಸುವ ಶಕ್ತಿಯಿದ್ದವರು ಅರಸರು, ಸಾಮಂತರು, ವರ್ತಕ ಸಂಘಗಳವರು. ಒಂದು ಸೇರು ಜೋಳ ಕೊಟ್ಟ ವಿಧವೆಯ ಹೆಸರು ಬಹುಮಟ್ಟಿಗೆ ಶಾಸನವನ್ನೇರಲಿಲ್ಲ. ಅದು ಕಿರ್ದಿಯ ಪುಟದಲ್ಲಿದೆ. ಕಾಯಕವನ್ನೂ ದಾಸೋಹವನ್ನೂ ಬಾಯಿತುಂಬ ಹೇಳುವ ನಾವು, ಕಾಯಕದಿಂದ ಬಂದು ದಾಸೋಹಕ್ಕೆ ಸಂದ ಕಾಳಿನ ಲೆಕ್ಕ ಬರೆದ ಪುಸ್ತಕವನ್ನು ರದ್ದಿಯೆಂದು ಭಾವಿಸಿದರೆ ನಮ್ಮ ಮಾತಿಗೆ ಅರ್ಥವೇನು?

ಕಾಪಾಡುವ ವಿಷಯದಲ್ಲಿ ನಮ್ಮ ಪರಂಪರೆಗೆ ಹಿರಿದಾದ ಅನುಭವವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ಷೋಭೆಯ ಕಾಲಕ್ಕೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಿಂದ ವಿರಕ್ತರು ಚೆದುರಿಹೋಗಿದ್ದ ವಚನಗಳನ್ನು ಕೂಡಿಸಿ, ಕ್ರಮಗೊಳಿಸಿ, ವ್ಯಾಖ್ಯಾನ ಬರೆದರು. ಆಮೇಲೆ ಆ ಓಲೆಗಳು ಮಠಗಳನ್ನೂ ಭಕ್ತರ ಮನೆಗಳನ್ನೂ ಸೇರಿದವು. ಎಷ್ಟೋ ಮನೆಗಳಲ್ಲಿ ಅವಕ್ಕೆ ವಿಭೂತಿ ಧರಿಸಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಪೂಜೆ ಹೊರಗೆ ನಡೆದಿರುತ್ತಿತ್ತು, ಹುಳು ಒಳಗೆ ತಿನ್ನುತ್ತಿರುತ್ತಿತ್ತು. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಯವರನ್ನು ಒಲಿಸಿ, ಆ ಕಟ್ಟುಗಳನ್ನು ಬಿಚ್ಚಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅದಕ್ಕಾಗಿ ಮುದ್ರಣಾಲಯ ಹಾಕಿದರು, ಶಿವಾನುಭವ ಪತ್ರಿಕೆ ನಡೆಸಿದರು, ತಮ್ಮ ಗಳಿಕೆಯನ್ನೆಲ್ಲ ಸವೆಸಿದರು. ಓಲೆಗೆ ಸಲ್ಲುವ ನಿಜವಾದ ಪೂಜೆ ಅದರ ಆರೈಕೆಯೇ ಎಂಬುದನ್ನು ಅವರ ಜೀವನ ನಮಗೆ ಕಲಿಸಿದೆ.

ಓಲೆಗಳಂತೆಯೇ ಪತ್ರಗಳ ಮಹತ್ತ್ವಕ್ಕೂ ನಿದರ್ಶನವಿದೆ. ೧೭೯೧ರಲ್ಲಿ ಮರಾಠಾ ಸೈನ್ಯದ ದಾಳಿಗೆ ಶೃಂಗೇರಿ ಮಠವು ತುತ್ತಾಯಿತು. ಆ ಸಂದರ್ಭದಲ್ಲಿ ಟೀಪೂ ಸುಲ್ತಾನನು ಶೃಂಗೇರಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆಯಿಸಿ ಕಳುಹಿಸಿದನು. ಶಾರದಾಂಬೆಯ ಮೂರ್ತಿಯ ಪುನಃಪ್ರತಿಷ್ಠೆಗೆ ನೆರವು ನೀಡಿದನು. ಆ ಕಾಗದಗಳು ನೂರಕ್ಕೂ ಹೆಚ್ಚು ವರ್ಷ ಮಠದ ದಫ್ತರದಲ್ಲಿ ಉಳಿದವು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಅವನ್ನು ಬೆಳಕಿಗೆ ತಂದರು. ಆ ಸುಲ್ತಾನನನ್ನು ಕುರಿತು ಇಂದಿಗೂ ತೀವ್ರವಾದ ವಾದಗಳಿವೆ. ಆದರೆ ಯಾವ ಪಕ್ಷದವರೇ ಆಗಲಿ, ಆ ಕಾಗದಗಳಿಗೆ ಸಮಾಧಾನ ಹೇಳದೆ ಮುಂದೆ ಹೋಗುವಂತಿಲ್ಲ. ಮಠದ ಕರಣಿಕರು ಅವನ್ನು ಕಟ್ಟಿಡುವಾಗ ಮುಂದೊಂದು ದಿನ ಅವು ಯಾವ ಪ್ರಶ್ನೆಗೆ ಸಾಕ್ಷಿಯಾಗುವುವೆಂದು ಊಹಿಸಿರಲಾರರು. ಯಾವ ಕಾಗದ ಬೇಕಾಗುವುದು, ಯಾವುದು ಬೇಡವಾಗುವುದು ಎಂಬುದನ್ನು ಅದರ ಕಾಲದವರು ನಿರ್ಣಯಿಸಲಾರರು. ಅದಕ್ಕಾಗಿಯೇ ಕಾಪಾಡುವವನಿಗೆ ವಿನಯ ಬೇಕು.

ಇಷ್ಟು ಹೇಳಿದರೂ ಆ ವೃದ್ಧರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಓಲೆಯಲ್ಲಿದ್ದ ವಚನವು ಲೋಕಕ್ಕಾಗಿ ಹುಟ್ಟಿದ ಮಾತು. ಅರಸನ ಕಾಗದವು ರಾಜಕಾರ್ಯದ ಮಾತು. ತಾಯಿಯೊಬ್ಬಳು ತನ್ನ ಗುರುವಿಗೆ ತೋಡಿಕೊಂಡ ಅಳಲು ಇವೆರಡರ ಸಾಲಿಗೆ ಸೇರತಕ್ಕದ್ದೇ?

ಲೌಕಿಕ ನ್ಯಾಯವು ಇದನ್ನು ಎಂದೋ ವಿಚಾರಿಸಿದೆ. ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪನ ಪತ್ರಗಳನ್ನು ಕರ್ಲ್ ಎಂಬ ಪುಸ್ತಕ ವ್ಯಾಪಾರಿ ಅಪ್ಪಣೆಯಿಲ್ಲದೆ ಅಚ್ಚುಹಾಕಿಸಿದಾಗ, ೧೭೪೧ರಲ್ಲಿ ಅಲ್ಲಿಯ ನ್ಯಾಯಾಲಯವು ಒಂದು ಸೂಕ್ಷ್ಮವಾದ ಭೇದವನ್ನು ಮಾಡಿತು. ಪತ್ರ ಪಡೆದವನಿಗೆ ಸೇರಿದ್ದು ಕಾಗದ ಮಾತ್ರ. ಅದರಲ್ಲಿಯ ಮಾತುಗಳನ್ನು ಪ್ರಕಟಿಸುವ ಹಕ್ಕು ಬರೆದವನದೇ ಎಂದು ಅದು ತೀರ್ಮಾನಿಸಿತು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ನಿಲುವೂ ಇದೇ. ಹಾಗಾದರೆ ನಮ್ಮ ಪೆಟ್ಟಿಗೆಗಳಲ್ಲಿರುವ ಕಾಗದ ಮಠದ್ದು, ಮಾತು ಭಕ್ತರದು. ಅಷ್ಟೇ ಅಲ್ಲ. ಆ ತಾಯಿಯ ಪತ್ರದಲ್ಲಿ ಹೇಳಿದವಳು ಒಬ್ಬಳು, ಬರೆದುಕೊಟ್ಟವರು ಇನ್ನೊಬ್ಬರು, ಓದಿದವರು ಮತ್ತೊಬ್ಬರು. ಇವರಲ್ಲದೆ ಅದರಲ್ಲಿ ಹೆಸರು ಬಂದ ಮಗ, ಸೊಸೆ, ನೆರೆಮನೆಯವರು ಇದ್ದಾರೆ. ತಮ್ಮ ವಿಷಯ ಕಾಗದಕ್ಕೇರಿತೆಂಬುದೇ ಅವರಿಗೆ ತಿಳಿಯದು. ಒಂದು ಕಾರ್ಡಿಗೆ ಇಷ್ಟು ಜನ ಬಾಧ್ಯಸ್ಥರಿರುವಾಗ ಅದನ್ನು ನಮ್ಮ ಸೊತ್ತೆನ್ನುವುದು ಹೇಗೆ?

ಕಾಶಿಯಲ್ಲಿ ಶಾಸ್ತ್ರಾಧ್ಯಯನ ಮಾಡುತ್ತಿದ್ದಾಗ ಓದಿದ ಒಂದು ಪ್ರಕರಣ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಸ್ಮೃತಿಗಳ ಎಲ್ಲ ಮಾತುಗಳನ್ನೂ ಶರಣಮಾರ್ಗವು ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ವ್ಯವಹಾರನ್ಯಾಯದಲ್ಲಿ ಅಲ್ಲಿ ಬರುವ ಉಪನಿಧಿಯ ವಿಚಾರ ಗ್ರಾಹ್ಯವಾಗಿದೆ. ಒಳಗೇನಿದೆಯೆಂದು ಹೇಳದೆ, ಮುಚ್ಚಿದ ಪಾತ್ರೆಯಲ್ಲಿಟ್ಟು, ನಂಬಿಕೆಯಿಂದ ಮತ್ತೊಬ್ಬನ ಕೈಯಲ್ಲಿ ಒಪ್ಪಿಸಿದ ವಸ್ತುವೇ ಉಪನಿಧಿ. ಅದನ್ನು ಒಪ್ಪಿಸಿದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಅರಸನು, ದೈವವು ಅಥವಾ ಕಳ್ಳರು ಅಪಹರಿಸಿದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ತನ್ನ ಲಾಭಕ್ಕಾಗಿ ಬಳಸಿಕೊಂಡರೆ ಅವನು ದಂಡನೆಗೆ ಅರ್ಹನು.

ಗುರುವಿಗೆ ಬರೆದ ಪತ್ರವು ಇಂತಹ ಉಪನಿಧಿಯೆಂದು ನಮಗೆ ತೋರುತ್ತದೆ. ಉಪನಿಧಿಯನ್ನು ಇಟ್ಟುಕೊಂಡವನಿಗೆ ಎರಡು ಕರ್ತವ್ಯಗಳಿವೆ: ಬಿಚ್ಚಬಾರದು, ಕಳೆಯಲೂಬಾರದು. ಈ ಎರಡು ಕರ್ತವ್ಯಗಳಲ್ಲಿಯೂ ನಾವು ತಪ್ಪಿದವರು. ಆ ತಪ್ಪುಗಳನ್ನು ಹೇಳದೆ ಈ ವಿಷಯವನ್ನು ಕುರಿತು ಬರೆಯುವ ಅಧಿಕಾರ ನಮಗಿಲ್ಲ.

ಪಟ್ಟಾಧಿಕಾರವಾದ ಮರುವರ್ಷ ಜಾತ್ರೆಯ ಮುಂಚೆ ಮಠಕ್ಕೆ ಸುಣ್ಣ ಹೊಡೆಸುತ್ತಿದ್ದೆವು. ಗೆದ್ದಲು ಹಿಡಿದ ಒಂದು ಕಪಾಟನ್ನು ತೆರವು ಮಾಡಬೇಕಾಯಿತು. ಅದರಲ್ಲಿ ಪ್ರಸಾದ ನಿಲಯದ ಹಳೆಯ ದಾಖಲಾತಿ ಪುಸ್ತಕಗಳಿದ್ದವು. ಏನು ಮಾಡುವುದೆಂದು ಸೇವಕರು ಕೇಳಿದಾಗ, ಒಂದು ಪುಟವನ್ನೂ ತಿರುವಿ ನೋಡದೆ, ನೀರು ಕಾಯಿಸುವ ಒಲೆಗೆ ಹಾಕಿರೆಂದು ಅಪ್ಪಣೆ ಮಾಡಿದೆವು. ಎಷ್ಟೋ ವರ್ಷಗಳ ಮೇಲೆ ದೂರದ ಊರಿನಿಂದ ನಿವೃತ್ತ ನೌಕರರೊಬ್ಬರು ಬಂದರು. ಅವರ ತಂದೆಯವರು ಅನಾಥ ಬಾಲಕರಾಗಿ ನಮ್ಮ ಪ್ರಸಾದ ನಿಲಯವನ್ನು ಸೇರಿ ಓದಿ ಬೆಳೆದವರು. ತಮ್ಮ ಹುಟ್ಟೂರು ಯಾವುದು, ಹಡೆದವರು ಯಾರು ಎಂಬುದನ್ನು ಮಕ್ಕಳಿಗೆ ಹೇಳದೆಯೇ ಅವರು ತೀರಿಕೊಂಡಿದ್ದರು. “ಪುಸ್ತಕದಾಗ ನಮ್ಮ ಅಜ್ಜನ ಹೆಸರರ ಇರತದಲ್ರಿ ಅಪ್ಪಾರ” ಎಂದು ಆ ಮಗ ಕೈಮುಗಿದು ನಿಂತರು. ಪುಸ್ತಕ ಇಲ್ಲವೆಂದು ಹೇಳಿದೆವು. ಗೆದ್ದಲು ತಿಂದಿತೆಂದೂ ಹೇಳಿದೆವು. ಅದು ಅರ್ಧ ಸತ್ಯ. ಗೆದ್ದಲು ತಿನ್ನದೆ ಬಿಟ್ಟ ಪುಟಗಳನ್ನು ಸುಟ್ಟವರು ನಾವು. ಅವರ ಅಜ್ಜನ ಹೆಸರು ಆ ಪುಟಗಳಲ್ಲಿ ಇತ್ತೋ ಇಲ್ಲವೋ ಎಂಬುದು ಇನ್ನೆಂದಿಗೂ ತಿಳಿಯದು. ಗೆದ್ದಲನ್ನು ದೈವದ ಲೆಕ್ಕಕ್ಕೆ ಹಾಕುವಂತಿಲ್ಲ. ಅದು ನಮ್ಮ ಅಲಕ್ಷ್ಯದ ಹೆಸರು.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು. ಪೆಟ್ಟಿಗೆಯೊಂದರ ತಳದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟು ಇದೆ. ಅದರ ಮೇಲೆ ಲಿಂಗೈಕ್ಯ ಹಿರಿಯ ಶ್ರೀಗಳು ಇವನ್ನು ಯಾರೂ ಓದತಕ್ಕದ್ದಲ್ಲವೆಂದು ತಮ್ಮ ಹಸ್ತಾಕ್ಷರದಲ್ಲಿ ಬರೆದಿದ್ದಾರೆ. ಅಧ್ಯಾಪಕರು ಬಂದುಹೋದ ರಾತ್ರಿ ನಾವು ಆ ಕಟ್ಟನ್ನು ಬಿಚ್ಚಿದೆವು. ಪೀಠದಲ್ಲಿ ಕುಳಿತವನಿಗೆ ಈ ನಿಷೇಧ ಅನ್ವಯಿಸದೆಂದು ಮನಸ್ಸು ವಾದ ಹೂಡಿತು. ಮೇಲಿದ್ದ ಪತ್ರದ ನಾಲ್ಕೈದು ಸಾಲು ಓದಿದೆವು. ಅದು ಬದುಕಿಗೆ ಬೇಸತ್ತ ಒಬ್ಬ ಹೆಣ್ಣುಮಗಳ ಮಾತು. ಆಕೆಯ ಮನೆತನದ ಹೆಸರು ನಮಗೆ ಪರಿಚಿತ. ಆಕೆಯ ಮೊಮ್ಮಕ್ಕಳು ಇಂದಿಗೂ ಮಠಕ್ಕೆ ನಡೆದುಕೊಳ್ಳುತ್ತಾರೆ. ಮುಂದೆ ಓದಲಾಗಲಿಲ್ಲ. ಕಟ್ಟನ್ನು ಮೊದಲಿನಂತೆ ಸುತ್ತಿಟ್ಟೆವು. ಆದರೆ ತಿಳಿದದ್ದನ್ನು ತಿಳಿಯದಂತೆ ಮಾಡಲಾಗದು. ಆ ಮೊಮ್ಮಕ್ಕಳು ನಮಸ್ಕರಿಸುವಾಗ ನಮಗೆ ಈಗಲೂ ಸಂಕೋಚವಾಗುತ್ತದೆ.

ಆ ರಾತ್ರಿ ಇನ್ನೊಂದು ಸಂಗತಿಯೂ ಹೊಳೆಯಿತು. ಹಿರಿಯ ಶ್ರೀಗಳು ಓದತಕ್ಕದ್ದಲ್ಲವೆಂದು ಬರೆದರು, ಸುಡತಕ್ಕದ್ದೆಂದು ಬರೆಯಲಿಲ್ಲ. ಸುಡಬೇಕೆಂದಿದ್ದರೆ ತಾವೇ ಸುಡಬಹುದಾಗಿತ್ತು. ನೊಂದ ಜೀವದ ಮಾತನ್ನು ನಾಶಮಾಡಲು ಅವರ ಕರುಣೆ ಒಪ್ಪಲಿಲ್ಲ. ಬಯಲುಮಾಡಲು ಅವರ ಧರ್ಮ ಒಪ್ಪಲಿಲ್ಲ. ಮುಚ್ಚಿಟ್ಟದ್ದನ್ನು ಯೋಗ್ಯ ಕಾಲದಲ್ಲಿ ತೆರೆಯಬಹುದು. ಸುಟ್ಟದ್ದನ್ನು ಯಾವ ಕಾಲದಲ್ಲಿಯೂ ತೆರೆಯಲಾಗದು.

ಹಾಗೆಂದು ಎಲ್ಲವನ್ನೂ ಮುಚ್ಚಿಡುವುದು ಧರ್ಮವೇ? ಇಲ್ಲಿ ಇನ್ನೊಂದು ಪತ್ರದ ವಿಷಯ ಹೇಳಬೇಕು. ಪ್ರಸಾದ ನಿಲಯದಲ್ಲಿ ಓದಿ ಉದ್ಯೋಗಕ್ಕೆ ಸೇರಿದ ಒಬ್ಬರು ಹಿರಿಯ ಶ್ರೀಗಳಿಗೆ ಬರೆದ ದೀರ್ಘ ಪತ್ರವದು. ಅನ್ನ ಹಾಕಿ ವಿದ್ಯೆ ಕೊಟ್ಟ ಮಠಕ್ಕೆ ಮೊದಲ ಪುಟದಲ್ಲಿ ವಂದನೆಗಳಿವೆ. ಎರಡನೆಯ ಪುಟದಲ್ಲಿ, ತಮ್ಮನ್ನೂ ತಮ್ಮ ಕೇರಿಯ ಇನ್ನಿಬ್ಬರು ಹುಡುಗರನ್ನೂ ಪ್ರಸಾದದ ಪಂಕ್ತಿಯಲ್ಲಿ ಬೇರೆ ಕೂರಿಸುತ್ತಿದ್ದರೆಂದು ಬರೆದಿದ್ದಾರೆ. ಬಸವಣ್ಣನವರ ಹೆಸರು ಹೇಳುವ ಮಠದಲ್ಲಿ ಹೀಗೇಕೆಂದು ಕೇಳಿದ್ದಾರೆ. ಈ ಪತ್ರಕ್ಕೆ ಕೆಂಪು ವಸ್ತ್ರವಿಲ್ಲ. ಇತರ ಪತ್ರಗಳ ನಡುವೆ ಬಿಚ್ಚಾಗಿಯೇ ಇದೆ. ಇದನ್ನು ಪಟ್ಟಿಗೆ ಸೇರಿಸುವುದು ಬೇಡವೆಂದು ಹಿತೈಷಿಗಳು ಕೆಲವರು ಸೂಚಿಸಿದರು. ಮಠದ ಗೌರವದ ಪ್ರಶ್ನೆಯೆಂಬುದು ಅವರ ಭಾವನೆ.

ಈ ಎರಡು ಪತ್ರಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ನಮಗೆ ದಾರಿ ಕಂಡಿತು. ಮುಚ್ಚುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮುಚ್ಚುವಿಕೆ ಯಾರನ್ನು ಕಾಪಾಡುತ್ತದೆ? ಹೆಣ್ಣುಮಗಳ ಪತ್ರವನ್ನು ಮುಚ್ಚಿದರೆ ಬರೆದವಳ ಮಾನ ಉಳಿಯುತ್ತದೆ. ವಿದ್ಯಾರ್ಥಿಯ ಪತ್ರವನ್ನು ಮುಚ್ಚಿದರೆ ಉಳಿಯುವುದು ನಮ್ಮ ಮಾನ. ಬರೆದವರಿಗೆ ಆಗುವುದು ಎರಡನೆಯ ಅನ್ಯಾಯ. ಬರೆದವರ ಸಲುವಾಗಿ ಮುಚ್ಚುವುದು ನಿಷ್ಠೆ. ಇಟ್ಟುಕೊಂಡವರ ಸಲುವಾಗಿ ಮುಚ್ಚುವುದು, ಸ್ಮೃತಿಕಾರನ ಮಾತಿನಲ್ಲಿ, ಉಪನಿಧಿಯನ್ನು ತನ್ನ ಲಾಭಕ್ಕಾಗಿ ಬಳಸಿಕೊಂಡಂತೆ. ಆದ್ದರಿಂದ ಆ ಪತ್ರವು ಪಟ್ಟಿಗೆ ಸೇರತಕ್ಕದ್ದು. ಬರೆದವರ ಮನೆತನದವರು ಹೆಸರು ಬೇಡವೆಂದರೆ ಹೆಸರನ್ನಷ್ಟೇ ಮರೆಮಾಡಬಹುದು. ವಿಷಯವನ್ನು ಮರೆಮಾಡುವ ಹಕ್ಕು ನಮಗಿಲ್ಲ.

ಮಠವೇ ಇವನ್ನು ಕಾಪಾಡಬಾರದೇಕೆ, ವಿಶ್ವವಿದ್ಯಾಲಯವೇಕೆ ಎಂದು ಕೆಲವರು ಕೇಳಬಹುದು. ಉತ್ತರವು ಮೇಲಿನ ಮಾತಿನಲ್ಲಿಯೇ ಇದೆ. ತನ್ನ ತಪ್ಪಿನ ದಾಖಲೆಗೆ ತಾನೇ ಕಾವಲಿರುವುದು ಬಲು ಕಷ್ಟದ ವ್ರತ. ನಾವು ಪಾಲಿಸಿದರೂ ನಮ್ಮ ತರುವಾಯದವರು ಪಾಲಿಸುವರೆಂಬ ನಂಬಿಕೆ ಏನು? ಎರಡನೆಯದಾಗಿ, ಆರೈಕೆಗೆ ವಿದ್ಯೆ ಬೇಕು. ಹರಿದ ಕಾಗದಕ್ಕೆ ನಾವು ಅಂಟುಪಟ್ಟಿ ಹಚ್ಚುತ್ತೇವೆ; ಕೆಲವು ವರ್ಷಗಳಲ್ಲಿ ಅದರ ಅಂಟು ಕಂದುಗಟ್ಟಿ ಕಾಗದವನ್ನೇ ಕೆಡಿಸುತ್ತದೆ. ನಾವು ಚುಚ್ಚಿದ ಗುಂಡುಪಿನ್ನು ತುಕ್ಕು ಹಿಡಿದು ಅಕ್ಷರವನ್ನು ನುಂಗುತ್ತದೆ. ಆಮ್ಲವಿಲ್ಲದ ಹೊದಿಕೆ, ಬಿಸಿಲು ಬೀಳದ ಕೋಣೆ, ಏರುಪೇರಿಲ್ಲದ ತೇವ ಮತ್ತು ಉಷ್ಣತೆ ಇವನ್ನೆಲ್ಲ ಬಲ್ಲವರೇ ನೋಡಿಕೊಳ್ಳಬೇಕು. ಯಾವ ಕಾಗದ ಯಾವ ಕಟ್ಟಿನಲ್ಲಿತ್ತೋ ಆ ಕ್ರಮವನ್ನೇ ಉಳಿಸಬೇಕೆಂಬ ನಿಯಮವನ್ನೂ ಅವರು ಬಲ್ಲರು. ಕಟ್ಟಿದವರ ಮನಸ್ಸು ಆ ಕ್ರಮದಲ್ಲಿ ಅಡಗಿರುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿ ಮೇಲ್ಪಂಕ್ತಿಗಳಿವೆ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಯ ಕಟ್ಟೊಂದನ್ನು ಒಪ್ಪಿಸಿದ್ದರು. ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದರು. ರಾಜ್ಯದ ಲೆಕ್ಕಪತ್ರಗಳನ್ನು ಕಾಪಾಡುವ ಅಕ್ಷಪಟಲದ ವಿಚಾರವೂ ಆ ಗ್ರಂಥದಲ್ಲಿದೆ. ಆ ಪಂಡಿತರು ಕಟ್ಟನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಬೇಕು. ಧಾರವಾಡದಲ್ಲಿ ೧೯೩೯ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆ, ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಇವೆಲ್ಲ ಮನೆಗಳೂ ಮಠಗಳೂ ಒಪ್ಪಿಸಿದ ಸಾಮಗ್ರಿಯಿಂದಲೇ ಬೆಳೆದಿವೆ. ಕೆಳದಿಯಲ್ಲಿ ಗುಂಡಾ ಜೋಯಿಸರು ಶ್ರಮವಹಿಸಿ ಸಂಗ್ರಹಿಸಿದ ಓಲೆ, ಕಡತ, ಕಾಗದಪತ್ರಗಳ ಸಂಗ್ರಹಾಲಯವು ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿದೆ.

ಆದರೆ ವಿಶ್ವವಿದ್ಯಾಲಯವೆಂಬ ಹೆಸರೊಂದೇ ರಕ್ಷೆಯಾಗಲಾರದು. ಆಸಕ್ತಿಯುಳ್ಳ ಅಧ್ಯಾಪಕರು ನಿವೃತ್ತರಾದ ಮೇಲೆ ಬೀಗ ಬಿದ್ದ ಕೋಣೆಗಳನ್ನೂ ನಾವು ನೋಡಿದ್ದೇವೆ. ಸರ್ಕಾರಿ ದಾಖಲೆಗಳಿಗೆ ೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಮನೆಯ ಮತ್ತು ಮಠದ ಪೆಟ್ಟಿಗೆಗಳಿಗೆ ನಾವು ಮಾಡಿಕೊಳ್ಳುವ ಕರಾರೇ ಆಧಾರ. ಆದಕಾರಣ ಕೊಡುವವರು ಷರತ್ತುಗಳನ್ನು ಲಿಖಿತರೂಪದಲ್ಲಿ ಕೇಳಬೇಕು, ಸಂಕೋಚಪಡಬಾರದು.

ಶ್ರೀಮಠವು ಕೈಕೊಂಡ ನಿರ್ಣಯ ಹೀಗಿದೆ. ಕಿರ್ದಿಗಳು, ದಾಸೋಹದ ಪಟ್ಟಿಗಳು, ಉಳಿದಿರುವ ದಾಖಲಾತಿ ಪುಸ್ತಕಗಳು, ಮಠದ ಆಡಳಿತಕ್ಕೆ ಸಂಬಂಧಿಸಿದ ಪತ್ರಗಳು, ಮಠವನ್ನು ಟೀಕಿಸಿದ ಪತ್ರಗಳೂ ಸೇರಿ, ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಅವುಗಳ ಪ್ರತಿ ಮಠದಲ್ಲಿಯೂ ಇರುತ್ತದೆ. ಭಕ್ತರು ತಮ್ಮ ಸ್ವಂತ ಸುಖದುಃಖ ಬರೆದ ಪತ್ರಗಳು ಮುದ್ರೆಯೊಂದಿಗೆ ಹೋಗುತ್ತವೆ; ಮನೆತನದವರ ಒಪ್ಪಿಗೆ ದೊರೆಯುವವರೆಗೆ, ಇಲ್ಲವೇ ಅವುಗಳಲ್ಲಿ ಹೆಸರು ಬಂದವರ ಜೀವಿತಕಾಲ ಕಳೆಯುವವರೆಗೆ ಅವನ್ನು ತೆರೆಯುವಂತಿಲ್ಲ, ಗಣಕಯಂತ್ರಕ್ಕೆ ಛಾಯೆ ತೆಗೆಯುವಂತೆಯೂ ಇಲ್ಲ. ಕೆಂಪು ವಸ್ತ್ರದ ಕಟ್ಟು ಮಠದಲ್ಲಿಯೇ ಗುರುವಾಕ್ಯದಂತೆ ಉಳಿಯುತ್ತದೆ. ಅದು ಅಲ್ಲಿದೆಯೆಂಬ ಸಂಗತಿಯನ್ನು ಮಾತ್ರ ಪಟ್ಟಿಯಲ್ಲಿ ನಮೂದ ಮಾಡಲಾಗುವುದು. ಇಂದಿಲ್ಲವೆಂದು ಸುಳ್ಳು ಹೇಳಿದರೆ ನಾಳೆ ಅದನ್ನು ಕಳೆಯುವುದು ಸುಲಭವಾದೀತು.

ಆ ವೃದ್ಧ ಭಕ್ತರನ್ನು ಕರೆಯಿಸಿ ಅವರ ತಾಯಿಯ ಪತ್ರಗಳನ್ನು ಅವರ ಕೈಗೆ ಕೊಟ್ಟೆವು. ಅವರಿಗೂ ಕಣ್ಣು ಮಂಜಾಗಿದೆ. ಮೊಮ್ಮಗಳನ್ನು ಕೂರಿಸಿಕೊಂಡು ಒಂದು ಪತ್ರವನ್ನು ಓದಿಸಿದರು. ಬಹಳ ಹೊತ್ತು ಸುಮ್ಮನಿದ್ದು, ಉಳಿದವನ್ನು ನಮ್ಮ ಕೈಗೆ ಹಿಂದಿರುಗಿಸಿ, “ಮುದ್ರಿ ಹಾಕಿ ಕಳಸ್ರಿ ಅಪ್ಪಾರ. ಸುಡೂದು ಬ್ಯಾಡ” ಎಂದರು.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಪಂಕ್ತಿಯ ವಿಷಯ ಬರೆದ ಆ ವಿದ್ಯಾರ್ಥಿಗೆ ಹಿರಿಯ ಶ್ರೀಗಳು ಏನೆಂದು ಉತ್ತರ ಕೊಟ್ಟರೆಂಬುದು ನಮ್ಮ ಪೆಟ್ಟಿಗೆಗಳಲ್ಲಿ ಇಲ್ಲ. ಉತ್ತರವೇನಾದರೂ ಇದ್ದರೆ ಅದು ಅವರ ಮನೆಯಲ್ಲಿಯೇ ಇರಬೇಕು. ಪತ್ರವ್ಯವಹಾರದ ಒಂದರ್ಧ ಮಠದಲ್ಲಿದೆ. ಇನ್ನರ್ಧ ನಿಮ್ಮ ನಿಮ್ಮ ಅಟ್ಟಗಳ ಮೇಲೆ, ತಂದೆಯವರ ಟ್ರಂಕುಗಳಲ್ಲಿ ಇದೆ. ದೀಪಾವಳಿಯ ಮುಂಚೆ ಮನೆ ಸಾರಿಸುವಾಗ ಅವು ಕೈಗೆ ಸಿಕ್ಕರೆ ಹೊಳೆಗೆ ಬಿಡಬೇಡಿರಿ, ಒಲೆಗೆ ಹಾಕಬೇಡಿರಿ. ಬಿಸಿಲಿಗೆ ಒಡ್ಡದೆ, ಅಂಟು ಹಚ್ಚದೆ, ಇದ್ದ ಕ್ರಮದಲ್ಲಿಯೇ ಒಣ ಬಟ್ಟೆಯಲ್ಲಿ ಸುತ್ತಿಡಿರಿ. ಬರೆದವರು ಯಾರು, ಯಾವಾಗ ಎಂಬುದನ್ನು ತಿಳಿದ ಹಿರಿಯರಿಂದ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಕೊಡಬೇಕೋ ಬೇಡವೋ, ತೆರೆಯಬೇಕೋ ಮುಚ್ಚಬೇಕೋ ಎಂಬುದನ್ನು ಆಮೇಲೆ ಸಾವಧಾನದಿಂದ ನಿರ್ಣಯಿಸಬಹುದು. ಒಪ್ಪಿಸಿಕೊಂಡದ್ದನ್ನು ಒಡೆಯದೆ, ಕಳೆಯದೆ, ಸಲ್ಲಬೇಕಾದವರಿಗೆ ಸಲ್ಲಿಸುವ ಬುದ್ಧಿಯನ್ನು ಗುರುಲಿಂಗಜಂಗಮರು ನಮ್ಮೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.